ಜೇಬಿನ ಸಕ್ಕರೆ

ತಿಂದಿರುತ್ತಾಳೆ. ತಿನ್ನದೆ ಎಲ್ಲಿ ಬಿಡುತ್ತಾಳೆ? ನಸುಕಿನಲ್ಲೇ ಅಡುಗೆಮನೆಯಿಂದ ಪಾತ್ರೆಯ ಸದ್ದು ಕೇಳಿಸಿತ್ತು, ಇದ್ದಿಲೊಲೆಯ ಹೊಗೆ ಹಾಸಿಗೆಯವರೆಗೆ ಬಂದಿತ್ತು, ಮೇಲಾಗಿ ಏಕಾದಶಿಯ ಮಾರನೆಯ ದಿನ ಪಾರಣೆ ಮಾಡದೆ ಹೊಸಿಲು ದಾಟುವ ಹೆಂಗಸಲ್ಲ ಅಮ್ಮ. ಹೀಗೆಂದುಕೊಳ್ಳುತ್ತ ಮಧ್ವರಾಜ ಎಗ್ಮೋರ್ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಟ್ರಂಕಿನ ಪಕ್ಕ ನಿಂತಿದ್ದ. ಆದರೆ ಅವಳು ಉಂಡದ್ದನ್ನು ಅವನು ನೋಡಿರಲಿಲ್ಲ. ಅವಳ ಸಕ್ಕರೆ ಕಾಯಿಲೆಗೆ ಸೂಜಿ ಚುಚ್ಚಿ, ಅದನ್ನು ಬಿಸಿನೀರಿನಲ್ಲಿ ತೊಳೆದು ತಗಡಿನ ಡಬ್ಬಿಯಲ್ಲಿಟ್ಟು, ಜಟಕಾ ಹುಡುಕಿಕೊಂಡು ಬೀದಿಗೆ ಹೋಗಿಬಿಟ್ಟಿದ್ದ. ತಿರುವಲ್ಲಿಕೇಣಿಯ ಅವರ ಸಂದಿಗೆ ಬೆಳಗಿನ ಹೊತ್ತು ಯಾವ ಜಟಕಾದವನೂ ಬರುವುದಿಲ್ಲ. ಹಿಂತಿರುಗಿದಾಗ ಅವಳು ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ತಡ ಮಾಡಿದವನು ಅವನೇ ಎಂಬಂತೆ ಬಾಗಿಲಲ್ಲಿ ಕೂತಿದ್ದಳು. ಆಗ ಕೇಳಬಹುದಾಗಿತ್ತು. ಜಟಕಾದಲ್ಲಿ ಕೇಳಬಹುದಾಗಿತ್ತು. ಈಗಲೂ ಕೇಳಬಹುದು. ಕೈಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ, ಮನೆಯಿಂದ ತಂದ ಚಾಪೆಯ ತುಂಡಿನ ಮೇಲೆ, ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಎಳೆದುಕೊಂಡು, ಓಡಾಡುವವರ ಕಾಲುಗಳಿಂದ ಮೈಯನ್ನು ಹಿಂದಕ್ಕೆ ಹಿಡಿದುಕೊಂಡು ಕೂತಿದ್ದಾಳೆ. 'ಅಮ್ಮಾ, ಊಟ ಆಯಿತೇ?' ಎಂದರೆ ಮುಗಿಯಿತು. ಆದರೆ ಹೋದ ತಿಂಗಳು ಹಾಗೆ ಕೇಳಿದ್ದಕ್ಕೆ, "ಯಾಕೋ, ನನ್ನ ತುತ್ತು ಎಣಿಸೋಕೆ ಶುರು ಮಾಡಿದೆಯಾ?" ಎಂದಿದ್ದಳು, ಹಿಂದಿನ ಮನೆಯವರಿಗೂ ಕೇಳುವ ಹಾಗೆ. ಆಮೇಲೆ ಅವನು ಕೇಳುವುದನ್ನು ಬಿಟ್ಟಿದ್ದ. ಕೇಳುವ ಕೆಲಸ ಮೊದಲು ಹೆಂಡತಿ ತುಂಗಾಳದಾಗಿತ್ತು. "ನಾಳೆ ಏಕಾದಶಿ, ಅರ್ಧ ಹಾಕಿ" ಎಂದು ಹಿಂದಿನ ರಾತ್ರಿಯೇ ನೆನಪಿಸುತ್ತಿದ್ದವಳು ಬಾಣಂತನಕ್ಕೆ ಕುಂಭಕೋಣದ ತವರಿಗೆ ಹೋಗಿ, ಅಲ್ಲಿ ಮಗನನ್ನು ಹೆತ್ತು ಮಲಗಿದ್ದಾಳೆ. ಆ ಮಗುವಿನ ನಾಮಕರಣಕ್ಕೇ ಈ ಪ್ರಯಾಣ.

ಶರಟಿನ ಜೇಬನ್ನು ಮುಟ್ಟಿಕೊಂಡ. ಪೊಟ್ಟಣ ಇತ್ತು. ಸಕ್ಕರೆಯ ಪೊಟ್ಟಣ, ದಾರ ಸುತ್ತಿದ್ದು. ಮನೆಯಿಂದ ಹೊರಟ ಮೇಲೆ ಎಷ್ಟು ಸಲ ಮುಟ್ಟಿಕೊಂಡಿದ್ದನೋ. "ಉಪವಾಸದ ದಿನ ಅರ್ಧ, ಊಟದ ದಿನ ಪೂರ್ತಿ" ಎಂದು ಡಾಕ್ಟರ್ ರಘುರಾಮ ಮೊದಲ ದಿನವೇ ಹೇಳಿದ್ದರು. "ಪೂರ್ತಿ ಹಾಕಿದ ಮೇಲೆ ತಿನ್ನಲೇಬೇಕು ಕಣಯ್ಯಾ. ಮೈ ಬೆವರೋದು, ಕೈ ನಡುಗೋದು, ಮಾತು ತಪ್ಪೋದು, ಇದರಲ್ಲಿ ಯಾವುದು ಕಂಡರೂ ಮೊದಲು ಸಕ್ಕರೆ ಬಾಯಿಗೆ ಹಾಕು, ಆಮೇಲೆ ನನ್ನ ಹುಡುಕು. ರೈಲು ಗೀಲು ಹತ್ತೋ ಹಾಗಿದ್ದರೆ ಜೇಬಲ್ಲೇ ಇರಲಿ." ಅವನು ಬಿ.ಎ. ಓದಿದವನು, ಹಾರ್ಬರಿನ ಒಂದು ಆಫೀಸಿನಲ್ಲಿ ಗುಮಾಸ್ತ. ಹೇಳಿದ್ದನ್ನು ತಪ್ಪದೆ ಮಾಡುವುದರಲ್ಲಿ ಅವನಿಗೆ ಒಂದು ಬಗೆಯ ನೆಮ್ಮದಿಯಿತ್ತು. ನಿನ್ನೆ ಏಕಾದಶಿ, ಅರ್ಧ ಹಾಕಿದ್ದ. ಇವತ್ತು ದ್ವಾದಶಿ, ಪೂರ್ತಿ ಹಾಕಿದ್ದಾನೆ. ಔಷಧದ ಬುಡ್ಡಿಯನ್ನು ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟು ತನ್ನ ಚೀಲದಲ್ಲೇ ಇಟ್ಟುಕೊಂಡಿದ್ದಾನೆ. ಅದನ್ನು ತನ್ನ ಬುಟ್ಟಿಯಲ್ಲಿಡಲು ಅಮ್ಮ ಒಪ್ಪಿರಲಿಲ್ಲ. "ಆ ಐಸು ಎಲ್ಲಿದು? ಎಣ್ಣೂರಿಂದ ಬರೋ ಮೀನಿಗೆ ಹಾಕೋದು ತಾನೇ? ನನ್ನ ಕೂಜಾ ಪಕ್ಕ ಅದು ಬೇಡಪ್ಪಾ." ಐಸಿನ ವಿಷಯ ಅವಳಿಗೆ ಗೊತ್ತಿತ್ತು. ಬುಡ್ಡಿಯೊಳಗಿನದು ಯಾವ ಪ್ರಾಣಿಯ ಒಳಗಿನಿಂದ ಬರುತ್ತದೆ ಎಂಬುದು ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು. ದಿನವೂ ಬೆಳಿಗ್ಗೆ ಅವಳು ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿ ಏನನ್ನೋ ಹೇಳಿಕೊಳ್ಳುತ್ತ ತೋಳು ಚಾಚುವಾಗ ಅವನು ಅದನ್ನು ಹೇಳದೆ ಚುಚ್ಚುತ್ತಿದ್ದ. ಹೇಳದೆ ಇರುವುದು ಅಭ್ಯಾಸವಾಗಿ ಹೋಗಿತ್ತು. ಅದಕ್ಕೂ ಒಂದು ಕೈಹದ ಬೇಕು, ಸೂಜಿಗೆ ಬೇಕಾದ ಹಾಗೆ.

ಗಾಡಿ ಬಂತು. ಕೂಲಿಯವನು ಟ್ರಂಕನ್ನು ತಲೆಗೇರಿಸಿ, "ಸಾಮೀ, ಅಮ್ಮಾವೆ ಪುಡಿಂಗೋ" ಎಂದು ಕೂಗಿ ಮುಂದೆ ನುಗ್ಗಿದ. ಹಿಡಿದುಕೋ ಎಂದರೆ ಹೇಗೆ ಹಿಡಿದುಕೊಳ್ಳುವುದು? ಮಡಿಯಲ್ಲಿದ್ದಾಳೆ. ಮುಟ್ಟದೆ, ಎರಡೂ ತೋಳುಗಳನ್ನು ಬೇಲಿಯಂತೆ ಚಾಚಿ ಅವಳನ್ನು ಮೂರನೇ ದರ್ಜೆಯ ಬಾಗಿಲಿನವರೆಗೆ ನಡೆಸಿದ. ಯಾರೋ ನಕ್ಕರು. ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಮರದ ಬೆಂಚಿನ ಮೇಲೆ ಅವಳು ತನ್ನ ಬಟ್ಟೆ ಹಾಸಿಕೊಂಡು ಕೂತಳು. ಅವನು ಮತ್ತೆ ಕೆಳಗಿಳಿದು ಪ್ಲಾಟ್‌ಫಾರಂನಲ್ಲಿ ಎರಡು ಇಡ್ಲಿ ತಿಂದು ಕಾಫಿ ಕುಡಿದ. ದ್ವಾದಶಿಯ ದಿನ, ಯಾವ ಅಳುಕೂ ಇಲ್ಲದ ಕಾಫಿ. ನಿನ್ನೆ ಸಾಯಂಕಾಲದ್ದು ಹಾಗಿರಲಿಲ್ಲ. ಏಕಾದಶಿ, ಮನೆಯಲ್ಲಿ ಒಲೆ ಹತ್ತಿಸಿರುವುದಿಲ್ಲ ಎಂದುಕೊಂಡು ಆಫೀಸಿನಿಂದ ನೇರ ಉಡುಪಿ ಹೋಟೆಲಿನ ಒಳಮನೆಯ ಮೂಲೆಯಲ್ಲಿ ಕೂತು, ಈರುಳ್ಳಿ ಹಾಕಿದ ಮಸಾಲೆದೋಸೆಯನ್ನು ತಲೆ ಬಗ್ಗಿಸಿಕೊಂಡು ತಿಂದಿದ್ದ. ಮನೆಗೆ ಹೋದಾಗ ಬಾಯಿ ವಾಸನೆ ಬಾರದಿರಲೆಂದು ಬಚ್ಚಲಲ್ಲಿ ಮುಕ್ಕಳಿಸುತ್ತಿದ್ದವನಿಗೆ ಒಳಗಿನಿಂದ ಅಮ್ಮ "ಊಟ?" ಎಂದಿದ್ದಳು. "ಬೇಡ" ಎಂದಿದ್ದ. ಅಡುಗೆಮನೆಯ ಕತ್ತಲಲ್ಲಿ ಯಾವುದೋ ಪಾತ್ರೆಯ ಮೇಲೆ ತಟ್ಟೆ ಮುಚ್ಚಿತ್ತು. ಅದರತ್ತ ಅವನು ನೋಡಲಿಲ್ಲ.

ಗಾಡಿ ಹೊರಟಾಗ ಎದುರಿನ ಬೆಂಚಿನಲ್ಲಿ ಒಬ್ಬ ದಪ್ಪ ಗಂಡಸು, ಅವನ ಹೆಂಡತಿ, ಹೊಸ ಹಿತ್ತಾಳೆ ಪಾತ್ರೆಗಳ ಒಂದು ದೊಡ್ಡ ಗಂಟು. ಗಂಡಸು ಇವನನ್ನೇ ನೋಡುತ್ತಿದ್ದ. ಚೇತ್‌ಪಟ್ ದಾಟುವಷ್ಟರಲ್ಲಿ ಅವನ ಮುಖ ಅರಳಿತು.

"ನೀವು ಕನ್ನಡದವರಲ್ವಾ? ನಮ್ಮ ಹೋಟೆಲಿಗೆ ಬರ್ತೀರಿ. ನಾನು ಗಲ್ಲಾದಲ್ಲಿ ಕೂತ್ಕೊಳ್ಳೋದು, ಸದಾನಂದ. ನಿನ್ನೆ ಸಹ ಬಂದಿದ್ರಿ. ಒಳಗೆ ಮೂಲೆ ಮೇಜು, ಮಸಾಲೆದೋಸೆ. ನಂಗೆ ಮುಖ ಮರೆಯೂದಿಲ್ಲ ನೋಡಿ."

"ಇವರಿಗೆ ಮುಖ ಮರೆಯೂದಿಲ್ಲ, ಹೆಂಡತಿ ಹೇಳಿದ ಸಾಮಾನು ಮಾತ್ರ ಮರೀತದೆ" ಎಂದಳು ಹೆಂಡತಿ. ಅವಳ ಹೆಸರು ಜಲಜಾಕ್ಷಿ. ಮಾಯಾವರದಲ್ಲಿ ಸದಾನಂದನ ತಮ್ಮ ಹೊಸ ಹೋಟೆಲು ತೆರೆಯುತ್ತಿದ್ದಾನಂತೆ, ಅದಕ್ಕೆ ಹೊರಟಿದ್ದರು. ಮಧ್ವರಾಜ ಹಲ್ಲು ಕಿರಿದ. ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳಿಗೆ ಕೇಳಿಸಿದೆಯೋ ಇಲ್ಲವೋ ತಿಳಿಯಲಿಲ್ಲ. ಗಾಡಿಯ ಸದ್ದಿದೆ, ಕೇಳಿಸಿರಲಾರದು. ಕೇಳಿಸಿದ್ದರೂ ದೋಸೆ ಅಷ್ಟೆ, ಈರುಳ್ಳಿಯ ಮಾತು ಬರಲಿಲ್ಲ. ಬಂದಿದ್ದರೂ ನಿನ್ನೆ ಎಂದು ಹೇಳಿದ್ದು ಕೇಳಿಸಿರಲಾರದು. ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತ ಅವನು ಸೈದಾಪೇಟೆ, ಗಿಂಡಿ, ಮೀನಂಬಾಕಂ ದಾಟಿದ. ಎಂಜಿನ್ನಿನ ಕಲ್ಲಿದ್ದಿಲ ಪುಡಿ ಕಣ್ಣಿಗೆ ಬೀಳುತ್ತಿತ್ತು. ಅಮ್ಮ ನಡುನಡುವೆ ಮಾತಾಡುತ್ತಲೇ ಇದ್ದಳು. ಪೆಟ್ಟಿಗೆ ಬೀಗ ಹಾಕಿದೆಯಾ, ಹಿತ್ತಲ ಬಾಗಿಲ ಚಿಲಕ, ಮಗುವಿಗೆ ತಂದ ಬೆಳ್ಳಿ ಉಡಿದಾರ ಯಾವ ಡಬ್ಬಿಯಲ್ಲಿ, ತುಂಗಾಳ ತಾಯಿ ಮಡಿಗೆ ಬೇರೆ ಒಲೆ ಕೊಡುತ್ತಾರೋ ಇಲ್ಲವೋ, ಹಿಂದಿನ ಸಲ ಆ ಮನೆಯಲ್ಲಿ ಬಾವಿಗೆ ಯಾರೋ ಕೊಡ ಇಳಿಸಿದ್ದು. ಪ್ರತಿಯೊಂದಕ್ಕೂ ಅವನು ಹೂಂ ಎನ್ನುತ್ತಿದ್ದ. ಮೂರು ತಿಂಗಳಿಂದ ಹೀಗೇ. ಬೆಳಿಗ್ಗೆ ಸೂಜಿ ಕುದಿಸುವುದು, ಸಂಜೆ ಹೂಂ ಎನ್ನುವುದು.

ತಾಂಬರಂನಲ್ಲಿ ಗಾಡಿ ನಿಂತು ಮತ್ತೆ ಹೊರಟಾಗ ಜಲಜಾಕ್ಷಿ ಡಬ್ಬಿ ಬಿಚ್ಚಿದಳು. ಕೋಡುಬಳೆಯ ಎಣ್ಣೆ ವಾಸನೆ ಹಬ್ಬಿತು. "ಮನೆಯದ್ದೇ, ಹೋಟೆಲಿದ್ದಲ್ಲ. ನಾನು ಮಿಂದು ಮಾಡಿದ್ದು. ಅಮ್ಮ, ನೀವು ತಕ್ಕೊಳ್ಳಿ ಆಯ್ತಾ."

"ನೀನು ಕೊಟ್ಟಿದ್ದು ಸಾಕು ತಾಯೀ" ಎಂದಳು ಅಮ್ಮ. ನಗುತ್ತಿದ್ದಳು. "ಇವತ್ತು ಏಕಾದಶಿ. ನಾನು ನೀರೂ ಮುಟ್ಟೋಳಲ್ಲ. ಇವನಿಗೆ ಗೋಧಿ ರವೆ ಉಪ್ಪಿಟ್ಟು ಮಾಡಿ ತಂದಿದೀನಿ."

"ಹೌದಲ್ಲ, ನಮ್ಮ ಮಠದ ಪಂಚಾಂಗದಲ್ಲೂ ಇವತ್ತೇ" ಎಂದು ಸದಾನಂದ ಕೈಯಲ್ಲಿದ್ದ ಕೋಡುಬಳೆಯನ್ನು ಡಬ್ಬಿಗೆ ಹಿಂದಿರುಗಿಸಿ ನಾಲಿಗೆ ಕಚ್ಚಿಕೊಂಡ. "ಈ ಊರಿನವರ ಕ್ಯಾಲೆಂಡರಲ್ಲಿ ನಿನ್ನೆ ಹಾಕಿದ್ದಾರೆ ಮಾರಾಯ್ರೆ. ನಮ್ಮವರಿಗೆ ದಶಮಿ ಸೋಂಕಿದ್ದು ಆಗೂದಿಲ್ಲ, ಮರುದಿನವೇ."

ನಿನ್ನೆ ಹಾಕಿದ್ದಾರೆ. ಆಫೀಸಿನಲ್ಲಿ ಅವನ ಮೇಜಿನ ಎದುರು ತೂಗುವ, ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರು. ದಶಮಿಯ ನೆರಳು ಬಿದ್ದ ಏಕಾದಶಿಯನ್ನು ಬಿಟ್ಟು ಮಾರನೆಯ ದಿನ ಉಪವಾಸ ಮಾಡುವ ಮನೆತನದಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಆ ಲೆಕ್ಕವನ್ನು ಅಪ್ಪನ ತೊಡೆಯ ಮೇಲೆ ಕೂತು ಕಲಿತವನು, ಗೋಡೆಯ ಹಾಳೆ ನೋಡಿ ಸೂಜಿ ತುಂಬಿದ್ದ. ಮುಚ್ಚಿಟ್ಟ ತಟ್ಟೆಯ ಕೆಳಗಿದ್ದದ್ದು ಅನ್ನ. ನಿನ್ನೆ ಅವಳು ಉಂಡಿದ್ದಳು, ಅವನಿಗೂ ಬಡಿಸಲು ಕಾದಿದ್ದಳು, ಅರ್ಧ ಔಷಧದ ಮೇಲೆ ರಾತ್ರಿಯೆಲ್ಲ ಬಾಯಾರಿ ಎದ್ದೆದ್ದು ನೀರು ಕುಡಿದಿದ್ದಳು. ಚೊಂಬಿನ ಸದ್ದು ಅವನಿಗೆ ಕೇಳಿಸಿತ್ತು. ಇವತ್ತು ಬರಿ ಹೊಟ್ಟೆಗೆ ಪೂರ್ತಿ ಬಿದ್ದಿದೆ. ಇದೆಲ್ಲ ಅವನಿಗೆ ಒಂದೇ ಕ್ಷಣದಲ್ಲಿ, ಯಾರೋ ದೀಪ ಹಚ್ಚಿದ ಹಾಗೆ ಗೊತ್ತಾಯಿತು. ಕೈ ಜೇಬಿಗೆ ಹೋಯಿತು. ಪೊಟ್ಟಣ ಇತ್ತು. ಕೈ ಅಲ್ಲೇ ನಿಂತಿತು.

ಈಗ ಹೇಳಬೇಕು. 'ಅಮ್ಮಾ, ಸಕ್ಕರೆ ಬಾಯಿಗೆ ಹಾಕಿಕೊ' ಎನ್ನಬೇಕು. ಅವಳು ಯಾಕೆ ಎನ್ನುತ್ತಾಳೆ. ಕ್ಯಾಲೆಂಡರಿನ ಮಾತು ಬರುತ್ತದೆ. ಎದುರಿನ ಗಲ್ಲಾದವನು, ಹಾಗಾದರೆ ನಿನ್ನೆ ಏಕಾದಶಿ ಅಂದುಕೊಂಡೇ ನಮ್ಮಲ್ಲಿ ಬಂದಿರಾ ಎಂದು ನೋಡುತ್ತಾನೆ. ಅವಳು ಹೇಗೂ ಒಪ್ಪುವುದಿಲ್ಲ. ಅಪ್ಪ ಹೋದ ಮೇಲೆ ಒಂದು ಏಕಾದಶಿಯನ್ನೂ ಬಿಟ್ಟವಳಲ್ಲ. ಅವಳದೆಂದು ಉಳಿದಿರುವುದು ಅದೊಂದೇ. ಗಲಾಟೆ, ಅಳು, ಕುಂಭಕೋಣದವರೆಗೆ ಮಾತು. ಏನೂ ಆಗದೆಯೂ ಇರಬಹುದು. ಎಲ್ಲರ ಮೈಯೂ ಒಂದೇ ತರಹ ಇರುವುದಿಲ್ಲ ಎಂದು ಡಾಕ್ಟರೇ ಹೇಳಿಲ್ಲವೆ? ಮುಂದಿನ ಸ್ಟೇಷನ್ ಬರಲಿ. ವಂಡಲೂರಿನ ಗುಡ್ಡ ಹಿಂದಕ್ಕೆ ಸರಿಯಿತು. ತಾಳೆಮರಗಳು, ಒಣಗಿದ ಒಂದು ಕೆರೆ, ಅದರ ನಡುವೆ ನಿಂತ ಎಮ್ಮೆಗಳು. ಅಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡಳು. ಸೆಕೆಯಿದೆ. ಎಲ್ಲರೂ ಒರೆಸಿಕೊಳ್ಳುತ್ತಿದ್ದಾರೆ. ಮತ್ತೆ ಒರೆಸಿಕೊಂಡಳು. ಮೇಲ್ತುಟಿಯ ಮೇಲೆ ಹನಿಗಳು ಸಾಲಾಗಿ ನಿಂತವು. ಅವಳು ಬೆಳ್ಳಿ ಉಡಿದಾರದ ಬಗ್ಗೆ ಏನೋ ಹೇಳಲು ಶುರು ಮಾಡಿ, ನಡುವೆ ಬಿಟ್ಟು, ಕಿಟಕಿಯ ಸರಳಿಗೆ ತಲೆ ಆನಿಸಿದಳು.

ಆಮೇಲೆ ಮಾತಿಲ್ಲ. ಮದರಾಸು ಬಿಟ್ಟ ಮೇಲೆ ಮೊದಲ ಸಲ ಅವಳು ಏನನ್ನೂ ಕೇಳಲಿಲ್ಲ. ಆ ಮೌನ ಅವನ ಹೆಗಲ ಮೇಲೆ ಬಂದು ಕೂತಿತು, ಭಾರವಾಗಿ ಅಲ್ಲ, ಇಷ್ಟು ದಿನ ಹೊತ್ತಿದ್ದನ್ನು ಯಾರೋ ಹಿಂದಿನಿಂದ ಮೆಲ್ಲಗೆ ಇಳಿಸಿಕೊಂಡ ಹಾಗೆ. ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡ. ನಿದ್ದೆಯಲ್ಲವೆಂದು ತಿಳಿದೇ ಹಾಗೆ ಅಂದುಕೊಂಡ. ಅವನು ಚಿಕ್ಕವನಾಗಿದ್ದಾಗ ಮಲೇರಿಯಾ ಜ್ವರ ಬಂದು, ಕ್ವಿನೈನ್ ಕುಡಿಯಲಾರದೆ ಹಲ್ಲು ಕಚ್ಚಿ ಮಲಗಿದಾಗ ಅವಳು ಹಿಂಬದಿಯ ಹಲ್ಲಿನ ಸಂದಿಯಿಂದ ಬೆರಳು ತೂರಿಸಿ ಕಲ್ಲುಸಕ್ಕರೆ ಇಡುತ್ತಿದ್ದಳು. ಆ ಬೆರಳು ಉಪ್ಪುಪ್ಪಾಗಿರುತ್ತಿತ್ತು. ಅದು ಇಷ್ಟು ಸ್ಪಷ್ಟವಾಗಿ ನಾಲಿಗೆಗೆ ಬಂದದ್ದು ಅವನಿಗೇ ಆಶ್ಚರ್ಯವಾಯಿತು. ಆದರೂ ಜೇಬಿನೊಳಗಿನ ಕೈ ಹೊರಗೆ ಬರಲಿಲ್ಲ. ಗೂಡುವಾಂಚೇರಿ ಬಂತು, ಹೋಯಿತು. ಮುಂದಿನ ಸ್ಟೇಷನ್ ಎಂದುಕೊಂಡಿದ್ದು ಇದೇ ಆಗಿತ್ತು. ಅವನಿಗೆ ತಿರುವಲ್ಲಿಕೇಣಿಯ ಮನೆ ಕಾಣಿಸಿತು. ಮುಂದಿನ ಕೋಣೆಯಲ್ಲಿ ತೊಟ್ಟಿಲು, ತುಂಗಾ ಕೂದಲು ಒಣಗಿಸಿಕೊಳ್ಳುತ್ತಿದ್ದಾಳೆ, ಒಲೆಯ ಮೇಲೆ ಸೂಜಿ ಕುದಿಯುತ್ತಿಲ್ಲ, ಯಾರೂ ಯಾರನ್ನೂ ಏನೂ ಕೇಳುತ್ತಿಲ್ಲ. ಆ ಚಿತ್ರದಲ್ಲಿ ಅಮ್ಮ ಇರಲಿಲ್ಲ. ಅವಳನ್ನು ಅವನು ತೆಗೆದಿರಲಿಲ್ಲ, ಇರಲಿಲ್ಲ, ಅಷ್ಟೆ. ಎದುರಿನ ಸದಾನಂದ ಗೊರಕೆ ಹೊಡೆಯುತ್ತಿದ್ದ. ಅಮ್ಮನ ಬೆರಳುಗಳು ಮಡಿಲಲ್ಲಿದ್ದ ಬುಟ್ಟಿಯ ಹಿಡಿಯ ಮೇಲೆ ಸಣ್ಣಗೆ ಕುಣಿಯುತ್ತಿದ್ದವು. ಅವನು ಅದನ್ನು ನೋಡುತ್ತಿದ್ದ.

"ಅಯ್ಯೋ, ಅಮ್ಮನಿಗೆ ಎಂತದ್ದೋ ಆಗ್ತಾ ಉಂಟು!" ಜಲಜಾಕ್ಷಿ ಎದ್ದು ನಿಂತಿದ್ದಳು. "ನೋಡಿ ಇಲ್ಲಿ, ಮೈಯೆಲ್ಲ ಒದ್ದೆ. ಅಮ್ಮಾ, ಅಮ್ಮಾ!"

ಅಮ್ಮ ಕಣ್ಣು ತೆರೆದಳು. ಆದರೆ ಅವಳ ನೋಟ ಅವನನ್ನು ದಾಟಿ ಹಿಂದೆಲ್ಲೋ ನಿಂತಿತು. "ಬಾಗಿಲು ತೆಗಿಯೋ, ಅವರು ಬಂದರು" ಎಂದಳು. ಬುಟ್ಟಿ ಜಾರಿ ಕೆಳಗುರುಳಿತು. ಆಗ ಅವನ ಕೈ ಹೊರಗೆ ಬಂತು. ಅಷ್ಟು ಹೊತ್ತು ಕಲ್ಲಿನಂತಿದ್ದ ಕೈ ಎಷ್ಟು ಚುರುಕಾಗಿ ದಾರ ಕಿತ್ತಿತು! ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ, ಅವಳ ದವಡೆ ಹಿಡಿದು, ಹಿಂಬದಿಯ ಹಲ್ಲಿನ ಸಂದಿಯಿಂದ ಬೆರಳು ತೂರಿಸಿ ಸಕ್ಕರೆ ತುಂಬಿದ. ಅವಳು ಕಚ್ಚಿದಳು. ಜಲಜಾಕ್ಷಿ ಕೂಜಾದ ನೀರನ್ನು ಚೂರುಚೂರೇ ಬಿಟ್ಟಳು. ಅರ್ಧ ಸಕ್ಕರೆ ಗದ್ದದ ಮೇಲೆ, ಕೆಂಪು ಸೀರೆಯ ಮೇಲೆ. ಮತ್ತೆ ತುಂಬಿದ. ಬೋಗಿಯ ಜನರೆಲ್ಲ ಸುತ್ತ ನೆರೆದರು. "ಎನ್ನ ಆಚ್ಚು, ಎನ್ನ ಆಚ್ಚು" ಎಂದು ಯಾರೋ ಕೇಳುತ್ತಿದ್ದರು. "ಸಕ್ಕರೆ ಕಾಯಿಲೆ, ಔಷಧ ಜಾಸ್ತಿ ಆಗಿದೆ" ಎಂದು ಅವನು ಶುದ್ಧ ತಮಿಳಿನಲ್ಲಿ, ಡಾಕ್ಟರಿನಂತೆ ಹೇಳಿದ. ತನ್ನ ದನಿಯ ಸ್ಥಿರತೆ ಅವನಿಗೆ ಅಸಹ್ಯವಾಯಿತು.

ಚೆಂಗಲ್‌ಪೇಟೆಯ ಕೆರೆ ಕಿಟಕಿಯ ತುಂಬ ಬಂದಾಗ ಅವಳ ಕಣ್ಣುಗಳು ನೆಲೆಗೊಂಡವು. ಮೊದಲು ನಾಲಿಗೆಯಿಂದ ತುಟಿ ಸವರಿಕೊಂಡಳು. ಆಮೇಲೆ ಸೀರೆಯ ಮೇಲಿನ ಬಿಳಿಯ ಹರಳುಗಳನ್ನು ನೋಡಿದಳು. ಆಮೇಲೆ ಅವನನ್ನು.

"ಸಕ್ಕರೆ ಹಾಕಿದೆಯೇನೋ?"

"ಹೂಂ."

"ಏಕಾದಶಿ ಕಣೋ." ಅಳಲಿಲ್ಲ. ಅವಳ ಕೈ ಹಿಂಡಿದ ಬಟ್ಟೆಯಂತೆ ಮಡಿಲಲ್ಲಿ ಬಿದ್ದಿತ್ತು. ಅವನ ಅಪ್ಪ ಹೋದ ಮೇಲೆ ಒಂದೂ ಬಿಟ್ಟಿರಲಿಲ್ಲ ಎಂದು ಕಿಟಕಿಗೆ ಹೇಳಿದಳು.

"ಅಮ್ಮ, ಹಾಗೆಲ್ಲ ಹೇಳ್ಬೇಡಿ" ಎಂದಳು ಜಲಜಾಕ್ಷಿ. "ನಿಮ್ಮ ಮಗ ಇಲ್ಲದಿದ್ರೆ ಇವತ್ತು ಎಂತ ಆಗ್ತಿತ್ತು! ಜೇಬಲ್ಲೇ ಇಟ್ಕೊಂಡಿದ್ರು ನೋಡಿ ಸಕ್ಕರೆ. ಯಾವ ಮಗ ಇಟ್ಕೊಳ್ತಾನೆ? ನಮ್ಮ ಇವರು ಬೀಡಿ ಇಟ್ಕೊಳ್ತಾರೆ." ಸುತ್ತಲಿದ್ದವರು ನಕ್ಕರು. ಯಾರೋ ಒಬ್ಬ ಮುದುಕರು ಅವನ ಬೆನ್ನು ತಟ್ಟಿದರು. ತಟ್ಟಿದ ಜಾಗ ಸುಟ್ಟ ಹಾಗಾಯಿತು.

ಅವನಿಗೆ ಏನಾದರೂ ಒಂದನ್ನು ಒಪ್ಪಿಕೊಳ್ಳದೆ ಕೂರುವುದು ಸಾಧ್ಯವಿರಲಿಲ್ಲ. ಗಾಡಿ ನಿಂತು ಜನ ಕಾಫಿಗೆ ಇಳಿದಾಗ ಅವಳ ಹತ್ತಿರ ಬಗ್ಗಿ, "ಅಮ್ಮಾ, ತಪ್ಪು ನನ್ನದು. ನಿನ್ನೆ ಏಕಾದಶಿ ಅಂದುಕೊಂಡೆ. ಆಫೀಸಿನ ಕ್ಯಾಲೆಂಡರು ನೋಡಿ ಇವತ್ತು ಪೂರ್ತಿ ಹಾಕಿಬಿಟ್ಟೆ" ಎಂದ. ಅವಳು ಅವನತ್ತ ತಿರುಗಿದಳು. ಈಗ ಬರುತ್ತದೆ ಎಂದುಕೊಂಡ. ಬಂದದ್ದು ಬೇರೆ.

"ಹಾಗಾದರೆ ಏಕಾದಶಿ ಅಂದುಕೊಂಡೇ ನಿನ್ನೆ ಇವರ ಹೋಟೆಲಲ್ಲಿ ದೋಸೆ ಹೊಡೆದೆಯಾ?"

ಅವನ ಮುಖ ಹೋದ ರೀತಿ ನೋಡಿ ಅವಳು ನಕ್ಕಳು. ಸಕ್ಕರೆ ಅಂಟಿದ ಬಾಯಿಗೆ ಸೆರಗು ಹಿಡಿದು, ಭುಜ ಕುಲುಕಿ, ಸದ್ದಿಲ್ಲದೆ ನಕ್ಕಳು. ಅಪ್ಪ ಇದ್ದಾಗ ನಗುತ್ತಿದ್ದ ನಗು. "ಪಾಪ ಮಾಡೋಕೂ ಸರಿಯಾದ ತಿಥಿ ಹುಡುಕೋಕೆ ಬರಲಿಲ್ಲವಲ್ಲೋ ನಿನಗೆ" ಎಂದಳು. ಆಮೇಲೆ ಸುಸ್ತಾಗಿ ಸರಳಿಗೆ ಒರಗಿ, "ಇರಲಿ ಬಿಡು. ನನ್ನದು ಹೋಯಿತು, ನಿನ್ನದು ಉಳೀತು. ಎಚ್ಚರವಾಗಿದ್ದೆಯಲ್ಲ, ಅಷ್ಟು ಸಾಕು" ಎಂದು ಕಣ್ಣು ಮುಚ್ಚಿದಳು. ಬೆಳಿಗ್ಗೆ ಪ್ಲಾಟ್‌ಫಾರಂನಲ್ಲಿ ಅವನು ತಿಂದ ಇಡ್ಲಿ ಅವಳಿಗೆ ಗೊತ್ತಿರಲಿಲ್ಲ. ಈ ಸಲ ನಿಜವಾಗಿ ನಿದ್ದೆ ಮಾಡಿದಳು. ಬಾಯಿ ಸ್ವಲ್ಪ ತೆರೆದಿತ್ತು. ಅವನು ವಿಳುಪ್ಪುರದವರೆಗೆ ಅವಳ ಉಸಿರನ್ನು ನೋಡುತ್ತ ಕೂತ.

ಕುಂಭಕೋಣದಲ್ಲಿ ಅವಳು ಅದನ್ನು ಬೀಗರಿಗೆ ಹೇಳಿದಳು, ನಾಮಕರಣಕ್ಕೆ ಬಂದ ಪುರೋಹಿತರಿಗೆ ಹೇಳಿದಳು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಗುವಿಗೂ ಹೇಳಿದಳು: ನಿಮ್ಮಪ್ಪ ಕ್ಯಾಲೆಂಡರು ನೋಡಿ ಏಕಾದಶಿ ಮಾಡುವವನು, ಆದರೆ ಜೇಬಲ್ಲಿ ಸಕ್ಕರೆ ಇಟ್ಟುಕೊಂಡು ಅಮ್ಮನನ್ನು ಉಳಿಸಿಕೊಂಡವನು. ಹೇಳಿದ ಹಾಗೆಲ್ಲ ಕಥೆ ನಯವಾಗುತ್ತ ಹೋಯಿತು. ತುಂಗಾ ಬಾಗಿಲ ಹಿಂದೆ ನಿಂತು ಕೇಳಿ, ಅವನತ್ತ ಮೆಚ್ಚಿ ನೋಡಿದಳು. ಎಲ್ಲರೂ ನಗುವ ಕಡೆ ಅವನೂ ನಕ್ಕ. ಮದರಾಸಿಗೆ ಹಿಂದಿರುಗಿದ ಮೇಲೆ ಗೋಡೆಗೆ ಮಠದ ಪಂಚಾಂಗ ತಂದು ನೇತುಹಾಕಿದ. ಬೆಳಿಗ್ಗೆ ಸೂಜಿ ಕುದಿಸಿ, ಅವಳು ಗೋಡೆಯ ಕಡೆ ತಿರುಗಿ ತೋಳು ಚಾಚುವ ಮೊದಲು, "ಅಮ್ಮಾ, ಇವತ್ತು ಊಟ ಉಂಟಲ್ಲ?" ಎಂದು ಗಟ್ಟಿಯಾಗಿ ಕೇಳತೊಡಗಿದ. ಅವಳು ಒಂದು ದಿನವೂ ಬೇಸರಪಡದೆ ಉತ್ತರ ಕೊಟ್ಟಳು. ಸಾಯುವವರೆಗೂ, ಬಂದವರಿಗೆಲ್ಲ ಆ ರೈಲಿನ ಕಥೆ ಹೇಳಿದಳು. ಕ್ಯಾಲೆಂಡರಿನ ಮಾತನ್ನೂ ದೋಸೆಯ ಮಾತನ್ನೂ ಅವನೇ ನೆನಪಿಸಿ ಹೇಳಿಸುತ್ತಿದ್ದ. ಆದರೆ ತಾಂಬರಂನಲ್ಲೇ ತನಗೆ ಎಲ್ಲ ಗೊತ್ತಾಗಿತ್ತು, ಗೊತ್ತಾಗಿಯೂ ತಾನು ಸುಮ್ಮನೆ ಕೂತಿದ್ದೆ ಎಂದು ಮಧ್ವರಾಜ ಅವಳಿಗೆ ಹೇಳಲಿಲ್ಲ.